ಆಪರೇಷನ್ ಸರಿಯಾಯಿತು, ವಾರ್ಡಿನಲ್ಲಿ ಹದಗೆಟ್ಟಿತು

ತೊಡೆಮೂಳೆಯನ್ನು ಸೊಂಟದ ಹತ್ತಿರ ಮುರಿದುಕೊಂಡ ಎಪ್ಪತ್ತು ದಾಟಿದವರನ್ನು ಸರ್ಕಾರಿ ಆಸ್ಪತ್ರೆಯ ಆರ್ಥೋ (ಮೂಳೆ) ವಾರ್ಡಿಗೆ ಸೇರಿಸಿದರೆ ಆಪರೇಷನ್ ಸಾಮಾನ್ಯವಾಗಿ ಚೆನ್ನಾಗಿಯೇ ಆಗುತ್ತದೆ. ರಾಡ್ ಹಾಕಿ ಹಾಕಿ ಅಲ್ಲಿನ ಡಾಕ್ಟರುಗಳ ಕೈ ಪಳಗಿರುತ್ತದೆ. ಕೆಡುವುದು ಅದಕ್ಕೆ ಮುಂಚಿನ ಕಾಯುವ ದಿನಗಳಲ್ಲಿ ಮತ್ತು ಆಮೇಲಿನ ರಾತ್ರಿಗಳಲ್ಲಿ. ನಮ್ಮತ್ತೆಯವರಿಗೆ ಆದದ್ದೂ ಅದೇ. ಮೂಳೆ ಕೂಡಿತು, ಬೆನ್ನಿನ ಬುಡದಲ್ಲಿ ಹುಣ್ಣಾಯಿತು. ಮನೆಗೆ ಬಂದ ಮೇಲೆ ಕಾಲಿನ ಚಾಕರಿಗಿಂತ ಹುಣ್ಣಿನ ಚಾಕರಿಯೇ ದೊಡ್ಡದಾಯಿತು.

ವಾರ್ಡಿನಲ್ಲಿ ಯಾವ ಕೆಲಸ ಯಾರದ್ದು, ಯಾವುದನ್ನು ಯಾರೂ ಮಾಡುವುದಿಲ್ಲ, ಯಾವುದನ್ನು ರೋಗಿಯ ಕಡೆಯವರೇ ಮಾಡಬೇಕು ಎನ್ನುವುದನ್ನು ಸೇರಿಸಿಕೊಳ್ಳುವಾಗ ಯಾರೂ ಹೇಳುವುದಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬರು ನರ್ಸ್ ಇರಬೇಕು. ನಾವಿದ್ದ ಹೆಂಗಸರ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್. ಮಂಚ ಸಾಲದೆ ನೆಲದ ಮೇಲೆ ಮಲಗಿದವರನ್ನೂ ಸೇರಿಸಿದರೆ ನಲವತ್ತಕ್ಕೆ ಹತ್ತಿರ ರೋಗಿಗಳು. ಅವರು ಇಂಜೆಕ್ಷನ್ ಕೊಟ್ಟು ಮುಗಿಸುವಷ್ಟರಲ್ಲಿ ಮುಂದಿನ ಡೋಸಿನ ಹೊತ್ತಾಗಿರುತ್ತದೆ. ಹೊರಳಿಸುವುದು, ಒರೆಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಊಟ ಮಾಡಿಸುವುದು ಎಲ್ಲವೂ ‘ಅಟೆಂಡರ್’, ಅಂದರೆ ರೋಗಿಯ ಜೊತೆಗಿರುವವರ ತಲೆಗೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೇಗೆ ಮಾಡಬೇಕೆಂದು ಒಬ್ಬರೂ ತೋರಿಸಿಕೊಡದೆ, ಕೆಟ್ಟ ಮೇಲೆ ‘ನೀವೇನ್ ನೋಡ್ಕೊಳ್ತಿದ್ರಿ?’ ಎಂದು ಕೇಳುತ್ತಾರಲ್ಲ, ತಕರಾರು ಇರುವುದು ಅದಕ್ಕೆ.

ಕ್ಯಾಶುವಾಲಿಟಿಯಿಂದ ವಾರ್ಡಿಗೆ ಬಂದ ಕೂಡಲೇ ಕಾಲಿಗೆ ಟ್ರಾಕ್ಷನ್ ಹಾಕುತ್ತಾರೆ. ಮೊಣಕಾಲಿನ ಕೆಳಗೆ ಎರಡೂ ಬದಿಗೆ ಅಂಟುಪಟ್ಟಿ, ಮೇಲೆ ಕ್ರೇಪ್ ಬ್ಯಾಂಡೇಜ್, ಪಾದದಿಂದ ಹಗ್ಗ, ಅದನ್ನು ರಾಟೆಯ ಮೇಲೆ ಹಾಯಿಸಿ ತುದಿಗೆ ತೂಕ. ಕಬ್ಬಿಣದ ಬಿಲ್ಲೆ ಸಿಗದಿದ್ದರೆ ಇಟ್ಟಿಗೆಯೋ ನೀರು ತುಂಬಿದ ಬಾಟಲಿಯೋ ತೂಗಾಡುತ್ತದೆ. ಚರ್ಮದ ಮೇಲಿನ ಟ್ರಾಕ್ಷನ್ನಿಗೆ 5 ಕೆಜಿಗಿಂತ ಹೆಚ್ಚು ತೂಕ ಹಾಕಬಾರದು. ಚರ್ಮ ತೆಳುವಾದ ಮುದುಕರಿಗೆ ಎರಡು-ಮೂರು ಕೆಜಿಯೇ ಸಾಕು. ಸೊಂಟದ ಮುರಿತಕ್ಕೆ ಹೀಗೆ ಎಳೆದು ಕಟ್ಟಿದರೆ ನೋವು ಕಡಿಮೆಯಾಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಆದರೂ ವಾಡಿಕೆ ನಿಂತಿಲ್ಲ. ಹಾಕಿದ ಮೇಲೆ ನೋಡಿಕೊಳ್ಳಬೇಕಾದ್ದು ಇಷ್ಟು: ತೂಕ ಗಾಳಿಯಲ್ಲೇ ತೂಗುತ್ತಿರಬೇಕು, ನೆಲಕ್ಕಾಗಲಿ ಮಂಚದ ಸರಳಿಗಾಗಲಿ ತಾಗಬಾರದು. ರೋಗಿ ಮಂಚದಲ್ಲಿ ಕೆಳಕ್ಕೆ ಜಾರಿದಷ್ಟೂ ಇಟ್ಟಿಗೆ ನೆಲ ಮುಟ್ಟುತ್ತದೆ, ಗುಡಿಸುವವರು ಅದನ್ನು ಎತ್ತಿ ಮಂಚದ ಮೇಲಿಟ್ಟು ಮರೆತು ಹೋಗುತ್ತಾರೆ. ಬ್ಯಾಂಡೇಜು ಜಾರಿ ಹಿಮ್ಮಡಿಯ ಹತ್ತಿರ ಗಂಟಾಗಿ ಕೂತರೆ ಅಲ್ಲೇ ಹುಣ್ಣು. ಮೊಣಕಾಲಿನ ಹೊರಬದಿಯಲ್ಲಿ, ಗುಬುಟು ಮೂಳೆಯ ಕೆಳಗೆ ಒತ್ತಿದರೆ ಅಲ್ಲಿ ಹಾದುಹೋಗುವ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳುತ್ತದೆ. ಬೆಳಿಗ್ಗೆ ಸಂಜೆ ‘ಹೆಬ್ಬೆರಳು ಮೇಲಕ್ಕೆತ್ತಿ’ ಎನ್ನಿ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿಯನ್ನು ಮುಟ್ಟಿ ‘ಗೊತ್ತಾಗುತ್ತಾ?’ ಎಂದು ಕೇಳಿ. ಎತ್ತಲಾಗದಿದ್ದರೆ, ಸ್ಪರ್ಶ ಇಲ್ಲದಿದ್ದರೆ, ಬೆರಳು ತಣ್ಣಗಾಗಿ ನೀಲಿಗಟ್ಟಿದ್ದರೆ ರೌಂಡ್ಸ್‌ವರೆಗೆ ಕಾಯಬೇಡಿ. ಡ್ಯೂಟಿ ಡಾಕ್ಟರನ್ನು ಕರೆಸಿ ಆಗಲೇ ಬಿಚ್ಚಿಸಿ.

ಈ ಮುರಿತಕ್ಕೆ ಎರಡು ದಿನದೊಳಗೆ ಆಪರೇಷನ್ ಆಗಿಬಿಟ್ಟರೆ ಒಳ್ಳೆಯದೆಂದು ಮೂಳೆ ತಜ್ಞರೇ ಒಪ್ಪುತ್ತಾರೆ. ಮಲಗಿದಷ್ಟೂ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚು. ವಾರ್ಡಿನಲ್ಲಿ ತಡವಾಗುವುದು ಒಂದೇ ಕಾರಣಕ್ಕಲ್ಲ. ಇಸಿಜಿಯಲ್ಲಿ ಏನೋ ಕಂಡಿತೆಂದು ಎಕೋ (ಹೃದಯದ ಸ್ಕ್ಯಾನ್) ಬರೆಯುತ್ತಾರೆ, ಎಕೋ ವಾರಕ್ಕೆ ಕೆಲವೇ ದಿನ. ಎಕೋ ಮುಗಿದರೆ, ಆಪರೇಷನ್ ತಡೆದುಕೊಳ್ಳುತ್ತಾರೆಂದು ಫಿಸಿಶಿಯನ್ ‘ಫಿಟ್‌ನೆಸ್’ ಬರೆಯಬೇಕು. ರಕ್ತ ಸಿದ್ಧವಿರಬೇಕು, ಬದಲಿಗೆ ದಾನಿ ಕೊಡಿ ಎನ್ನುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ರಾಡಿಗೆ ಅನುಮೋದನೆ ಬರಬೇಕು. ಇದೆಲ್ಲ ಒಟ್ಟೊಟ್ಟಿಗೆ ನಡೆಯಬಹುದಾದ ಕೆಲಸ, ಆದರೆ ಒಂದು ಮುಗಿಯುವವರೆಗೆ ಇನ್ನೊಂದಕ್ಕೆ ಕೈ ಹಾಕುವವರಿಲ್ಲ. ಸೇರಿಸಿದ ದಿನವೇ ಪಿಜಿ ಡಾಕ್ಟರ (ಅಲ್ಲೇ ಸ್ನಾತಕೋತ್ತರ ಓದುತ್ತಿರುವವರು) ಹತ್ತಿರ ಹೋಗಿ ‘ಓಟಿಗೆ (ಆಪರೇಷನ್ ಥಿಯೇಟರಿಗೆ) ಹೋಗೋಕೆ ಏನೇನು ಬಾಕಿ ಇದೆ, ಒಂದು ಚೀಟೀಲಿ ಬರೆದುಕೊಡಿ ಸರ್’ ಎಂದು ಕೇಳಿ. ಬೇಸರ ಮಾಡಿಕೊಂಡರೂ ಬರೆದುಕೊಡುತ್ತಾರೆ. ಆಮೇಲೆ ಆ ಚೀಟಿ ಹಿಡಿದು ಓಡಾಡುವುದು ನಮ್ಮ ಕೆಲಸ.

ಇನ್ನು ಉಪವಾಸದ ಕಥೆ. ಇದರಷ್ಟು ಸುಲಭವಾಗಿ ತಪ್ಪಿಸಬಹುದಾದ ಹಿಂಸೆ ವಾರ್ಡಿನಲ್ಲಿ ಇನ್ನೊಂದಿಲ್ಲ. ‘ಅಜ್ಜಿ ಕಡೆಯವರು ಯಾರಿದೀರಿ? ನಾಳೆ ಓಟಿ, ರಾತ್ರಿ ಹತ್ತರ ಮೇಲೆ ಏನೂ ಕೊಡಬೇಡಿ’ ಎಂದು ಹೇಳಿಹೋಗುತ್ತಾರೆ. ಅರಿವಳಿಕೆ ಶಾಸ್ತ್ರದ ನಿಯಮ ಹಾಗಿಲ್ಲ. ಇಡ್ಲಿ, ಗಂಜಿ, ಹಾಲು, ಹಾಲು ಹಾಕಿದ ಟೀ ಇವೆಲ್ಲ ಅರಿವಳಿಕೆಗೆ 6 ಗಂಟೆ ಮುಂಚೆ ನಿಲ್ಲಬೇಕು. ಬರೀ ನೀರನ್ನು 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಪಟ್ಟಿಯಲ್ಲಿ ನಾಲ್ಕನೆಯ ಕೇಸಾದರೆ ಮಧ್ಯಾಹ್ನ ಎರಡಕ್ಕೆ ಮೊದಲು ಕರೆಯುವುದೇ ಇಲ್ಲ. ಅಂಥವರನ್ನೂ ರಾತ್ರಿ ಹತ್ತರಿಂದ ಒಂದು ತೊಟ್ಟು ನೀರಿಲ್ಲದೆ ಕೂಡಿಹಾಕುತ್ತಾರೆ. ಅಷ್ಟರಲ್ಲಿ ಅಪಘಾತದ ಕೇಸು ಬರುತ್ತದೆ, ಇಲ್ಲವೇ ಆಪರೇಷನ್ ಮಾಡುವಾಗ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರ ಕೈಕೊಡುತ್ತದೆ. ಮೂರು ಗಂಟೆಗೆ ಪಟ್ಟಿಯಿಂದ ಹೆಸರು ತೆಗೆದದ್ದು ಓಟಿಯವರಿಗೆ ಗೊತ್ತು, ವಾರ್ಡಿಗೆ ಆ ಸುದ್ದಿ ಬರುವ ಹೊತ್ತಿಗೆ ಪಾಳಿ ಬದಲಾಗಿರುತ್ತದೆ. ಅತ್ತೆಯವರಿಗೆ ಒಂದಕ್ಕಿಂತ ಹೆಚ್ಚು ಸಲ ಹೀಗಾಯಿತು. ಒಮ್ಮೆ ಸಂಜೆ ಬೆವತು, ಕೈ ನಡುಗಿ, ಏನೇನೋ ಮಾತಾಡತೊಡಗಿದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58. ಅವರು ಸಕ್ಕರೆ ಕಾಯಿಲೆಯವರು. ಬೆಳಗಿನ ಮಾತ್ರೆ ನಿಲ್ಲಿಸಬೇಕೆಂದು ಕೇಸ್ ಶೀಟಿನಲ್ಲಿ ಬರೆದಿತ್ತು, ನಮಗೆ ಹೇಳಿದವರಿಲ್ಲ, ಸಿಸ್ಟರ್ ತಾವೇ ಮಾತ್ರೆ ಕೊಟ್ಟಿದ್ದರು.

70ಕ್ಕಿಂತ ಕೆಳಗಿಳಿದರೆ ತಡ ಮಾಡುವಂತಿಲ್ಲ. ಆಪರೇಷನ್ ಇಲ್ಲವೆಂದು ಖಚಿತವಾಗಿದ್ದು, ರೋಗಿಗೆ ಎಚ್ಚರವಿದ್ದು, ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಮಂಪರಿನಲ್ಲಿದ್ದರೆ, ಇಲ್ಲವೇ ಇನ್ನೂ ಉಪವಾಸದಲ್ಲೇ ಇರಬೇಕೆಂದರೆ ಬಾಯಿಗೆ ಏನೂ ಹಾಕಬೇಡಿ. ಸಿಸ್ಟರ್ 25% ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣವನ್ನು ರಕ್ತನಾಳಕ್ಕೆ ಕೊಡಬೇಕು. ಇದರಿಂದ ಪಾರಾಗಲು ಹಿಂದಿನ ಸಂಜೆ ಕೇಳಬೇಕಾದ ಪ್ರಶ್ನೆಗಳು ಇವು: ಎಷ್ಟನೆಯ ಕೇಸು? ನೀರು ಎಷ್ಟು ಹೊತ್ತಿನವರೆಗೆ ಕೊಡಬಹುದು? ಸಕ್ಕರೆ, ಬಿಪಿ ಮಾತ್ರೆಗಳಲ್ಲಿ ಯಾವುದು ಬೇಕು, ಯಾವುದು ಬೇಡ? ಉಪವಾಸದಲ್ಲಿರುವಾಗ ಡ್ರಿಪ್ ಹಾಕುತ್ತೀರಾ? ಮಧ್ಯಾಹ್ನ ಹನ್ನೆರಡಾದರೂ ಕರೆ ಬಾರದಿದ್ದರೆ ಓಟಿ ಬಾಗಿಲಿಗೇ ಹೋಗಿ ಪಟ್ಟಿ ನೋಡಿಕೊಂಡು ಬನ್ನಿ. ಸಕ್ಕರೆ ಕಾಯಿಲೆಯ ಮುದುಕರನ್ನು ಮೊದಲ ಕೇಸಾಗಿ ಹಾಕುವುದು ಒಳ್ಳೆಯ ಪದ್ಧತಿ. ಕೇಳಿದರೆ ಹಾಕಿಕೊಡುವ ಯೂನಿಟ್‌ಗಳಿವೆ, ಕೇಳದೆ ಹಾಕುವವರು ಕಡಿಮೆ.

ಡ್ರಿಪ್ಸ್ ವಿಷಯಕ್ಕೆ ಬಂದರೆ, ಬಾಟಲಿ ತೂಗುಹಾಕಿ ಹೋದ ಸಿಸ್ಟರ್ ಅದು ಮುಗಿದಾಗ ಬರುತ್ತಾರೆಂಬ ಭರವಸೆ ಇಟ್ಟುಕೊಳ್ಳುವ ಹಾಗಿಲ್ಲ. ಲೆಕ್ಕ ನಾವೇ ಇಟ್ಟರೆ ಕ್ಷೇಮ. ಮಾಮೂಲಿ ಡ್ರಿಪ್ ಸೆಟ್ಟಿನಲ್ಲಿ 20 ಹನಿಗೆ 1 ಎಂಎಲ್, ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. 500 ಎಂಎಲ್ ಬಾಟಲಿ 4 ಗಂಟೆಯಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ, ಅಂದರೆ 15 ಸೆಕೆಂಡಿಗೆ ಹತ್ತೋ ಹನ್ನೊಂದೋ. 6 ಗಂಟೆಗಾದರೆ 15 ಸೆಕೆಂಡಿಗೆ ಏಳು. ಎಷ್ಟು ಗಂಟೆಯ ಬಾಟಲಿ ಎಂದು ಹಾಕುವಾಗಲೇ ಕೇಳಿಟ್ಟುಕೊಳ್ಳಿ. ಹೃದಯ ಸೊರಗಿದವರಿಗೆ ಬೇಗ ಹರಿದರೆ ಉಬ್ಬಸ ಬರುತ್ತದೆ, ಆದ್ದರಿಂದ ‘ಬೇಗ ಮುಗೀಲಿ’ ಎಂದು ನಳಿಕೆಯ ಚಕ್ರ ತಿರುಗಿಸುವ ಪಕ್ಕದ ಮಂಚದವರ ಉಪಕಾರ ಬೇಡ. ಬಾಟಲಿ ಖಾಲಿಯಾಗಿ ನಳಿಕೆಯಲ್ಲಿ ರಕ್ತ ಹಿಂದಕ್ಕೆ ಏರಿದ್ದು ಕಂಡರೆ ಚಕ್ರವನ್ನು ಪೂರ್ತಿ ಮುಚ್ಚಿ ಸಿಸ್ಟರನ್ನು ಕರೆಯಿರಿ. ಹಾಗೇ ಬಿಟ್ಟರೆ ಸೂಜಿಯ ಬಾಯಲ್ಲಿ ಹೆಪ್ಪುಗಟ್ಟಿ ಕ್ಯಾನ್ಯುಲಾ (ಕೈಗೆ ಚುಚ್ಚಿಟ್ಟ ಸಣ್ಣ ಕೊಳವೆ) ಕಟ್ಟಿಕೊಳ್ಳುತ್ತದೆ. ಆಮೇಲೆ ಒತ್ತಿ ಒತ್ತಿ ಸಲೈನ್ ತಳ್ಳಿದರೆ ನೋವು, ಇಲ್ಲದಿದ್ದರೆ ಮತ್ತೊಂದು ಕಡೆ ಚುಚ್ಚು. ಮುದುಕರ ನರ ಸಿಗುವುದೇ ಕಷ್ಟ.

ಕ್ಯಾನ್ಯುಲಾ ಮೇಲಿನ ಪ್ಲಾಸ್ಟರಿನಲ್ಲಿ ಹಾಕಿದ ದಿನಾಂಕ ಬರೆದಿರಬೇಕು, ಬರೆದಿರುವುದಿಲ್ಲ. ಪೆನ್ನು ತೆಗೆದು ನೀವೇ ಬರೆಯಿರಿ, ಯಾರೂ ಬೈಯುವುದಿಲ್ಲ. ಮೂರು ನಾಲ್ಕು ದಿನವಾಗಿದ್ದರೆ ಬದಲಿಸಲು ನೆನಪಿಸಿ. ಅದಕ್ಕೆ ಮೊದಲೇ ಜಾಗ ಕೆಂಪಾಗಿ, ಬಿಸಿಯಾಗಿ, ನರ ದಾರದಂತೆ ಗಟ್ಟಿಯಾಗಿ ಕೈಗೆ ಸಿಕ್ಕಿದರೆ ರಕ್ತನಾಳದ ಉರಿಯೂತ. ಉಬ್ಬಿ, ಮುಟ್ಟಿದರೆ ತಣ್ಣಗಿದ್ದರೆ ದ್ರವ ನರದಿಂದ ಹೊರಗೆ ಸೋರುತ್ತಿದೆ ಎಂದರ್ಥ. ಎರಡರಲ್ಲೂ ತೆಗೆಸಲೇಬೇಕು. ‘ಇನ್ನೊಂದು ಡೋಸ್ ಇದರಲ್ಲೇ ಹೋಗ್ಲಿ’ ಎನ್ನುವ ಮಾತಿಗೆ ಒಪ್ಪಬೇಡಿ. ಅತ್ತೆಯವರ ಎಡಗೈ ಊದಿ ಬಳೆ ಕತ್ತರಿಸಬೇಕಾಗಿ ಬಂದದ್ದು ಆ ಇನ್ನೊಂದು ಡೋಸಿನಿಂದಲೇ. (ವಾರ್ಡಿಗೆ ಬಂದ ದಿನವೇ ಬಳೆ, ಉಂಗುರ ತೆಗೆದುಬಿಡಿ. ಓಟಿಗೆ ಹೇಗೂ ತೆಗೆಯಲೇಬೇಕು.)

ಈಗ ಹುಣ್ಣಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮಲಗಿದವರ ಭಾರವೆಲ್ಲ ಬೆನ್ನಿನ ಬುಡ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಮೊಣಕೈಗಳ ಮೇಲೆ ಬೀಳುತ್ತದೆ. ಅಲ್ಲಿ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿ ರಕ್ತ ಓಡಾಡುವುದು ನಿಲ್ಲುತ್ತದೆ. ಕೆಲವೇ ಗಂಟೆ ಹಾಗಿದ್ದರೂ ಸಾಕು, ಒಳಗಿನ ಮಾಂಸ ಸಾಯಲು ಶುರು. ಅದಕ್ಕೇ ಎರಡು ಗಂಟೆಗೊಮ್ಮೆ ಹೊರಳಿಸಬೇಕೆನ್ನುವುದು. ನಮಗೆ ಸಿಕ್ಕ ಸೂಚನೆ ಒಂದೇ: ‘ಕಾಲು ಅಲುಗಾಡಿಸಬೇಡಿ.’ ಹಾಗೆಂದರೆ ರೋಗಿಯನ್ನೇ ಅಲುಗಾಡಿಸಬಾರದು ಎಂದೇ ಎಲ್ಲರೂ ತಿಳಿಯುತ್ತಾರೆ. ಆಪರೇಷನ್ನಿಗೆ ಮೊದಲು ಪೂರ್ತಿ ಮಗ್ಗುಲಿಗೆ ಹೊರಳಿಸಲು ಆಗುವುದಿಲ್ಲ, ನಿಜ. ಆದರೆ ಸೊಂಟದ ಕೆಳಗೆ ಅಡ್ಡಲಾಗಿ ಎರಡು ಮಡಿಕೆ ಮಾಡಿದ ಗಟ್ಟಿ ಬೆಡ್‌ಶೀಟ್ ಹಾಸಿದ್ದರೆ, ಆಚೆ ಈಚೆ ಒಬ್ಬೊಬ್ಬರು ಅಂಚು ಹಿಡಿದು, ಮೂರನೆಯವರು ಮುರಿದ ಕಾಲನ್ನು ನೇರವಾಗಿ ಹಿಡಿದುಕೊಂಡರೆ, ಸೊಂಟವನ್ನು ಅರ್ಧ ಗೇಣು ಎತ್ತಿ ಅರ್ಧ ನಿಮಿಷ ಗಾಳಿಯಾಡಿಸಬಹುದು. ಮುರಿಯದ ಬದಿಗೆ ಕೊಂಚ ವಾಲುವ ಹಾಗೆ ಮುರಿದ ಬದಿಯ ಬೆನ್ನಿನ ಕೆಳಗೆ ತೆಳುವಾದ ದಿಂಬು ಸೇರಿಸಿ, ಎರಡು ಗಂಟೆ ಬಿಟ್ಟು ತೆಗೆಯಬಹುದು. ರಾಡ್ ಹಾಕಿದ ಮೇಲಂತೂ, ಡಾಕ್ಟರು ಬೇರೆ ಹೇಳದಿದ್ದರೆ, ಮೊಣಕಾಲುಗಳ ನಡುವೆ ದಿಂಬಿಟ್ಟು ಆಪರೇಷನ್ ಆಗದ ಮಗ್ಗುಲಿಗೆ ಹೊರಳಿಸಬಹುದು. ಬಾಲ್ (ತೊಡೆಮೂಳೆಯ ಮೇಲ್ತುದಿಯ ಗುಂಡು) ಬದಲಿಸುವ ಆಪರೇಷನ್ ಆಗಿದ್ದರೆ ಎಚ್ಚರ ಹೆಚ್ಚು: ಕಾಲ ಮೇಲೆ ಕಾಲು ಬರಬಾರದು, ಸೊಂಟ 90 ಡಿಗ್ರಿಗಿಂತ ಹೆಚ್ಚು ಬಾಗಬಾರದು. ಯಾವ ಆಪರೇಷನ್, ಯಾವ ಮಗ್ಗುಲು, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಓಟಿಯಿಂದ ಬಂದ ದಿನವೇ ಪಿಜಿಯಿಂದ ಕೇಳಿ ತಿಳಿದುಕೊಳ್ಳಬೇಕು. ಸಿಸ್ಟರನ್ನು ಕೇಳಿದರೆ ‘ಸಾರ್ ಹೇಳ್ಲಿ’ ಎನ್ನುತ್ತಾರೆ, ಸಾರ್ ರೌಂಡ್ಸ್‌ನಲ್ಲಿ ಎಕ್ಸ್‌ರೇ ನೋಡಿ ಮುಂದಿನ ಮಂಚಕ್ಕೆ ಹೋಗುತ್ತಾರೆ. ‘ಇವರು ನನ್ನ ಕಾಲನ್ನ ಮಾತ್ರ ಅಡ್ಮಿಟ್ ಮಾಡ್ಕೊಂಡಿದಾರೆ ಕಣಮ್ಮ’ ಎಂದು ಅತ್ತೆ ನಗುತ್ತಿದ್ದರು, ಆಗಿನ್ನೂ ನಗು ಬರುತ್ತಿತ್ತು.

ಮೊದಲ ಸುಳಿವು ಚರ್ಮ ಕೆಂಪಾಗುವುದು. ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣಿನ ಮೊದಲ ಹಂತ ಬಂದಾಯಿತು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದೇ ಇಲ್ಲ. ಸುತ್ತಲಿಗಿಂತ ಕಪ್ಪಾಗಿ, ಮುಟ್ಟಿದರೆ ಬಿಸಿಯಾಗಿ, ಕೊಂಚ ಗಟ್ಟಿಯಾಗಿ ಸಿಗುತ್ತದೆ. ಅತ್ತೆಯವರ ಬೆನ್ನಿನ ಬುಡದಲ್ಲಿ ಅಂಗೈಯಗಲ ಕಪ್ಪು ಮಚ್ಚೆ ತೋರಿಸಿದಾಗ ಆಯಾ ಹೇಳಿದ್ದು ‘ಸ್ಪಿರಿಟ್ ಹಾಕಿ ಚೆನ್ನಾಗಿ ತಿಕ್ಕಿ, ಪೌಡರ್ ಹಾಕಿ’ ಎಂದು. ಅಲ್ಲೇ ನಿಂತಿದ್ದ ಸಿಸ್ಟರ್ ಬೇಡವೆನ್ನಲಿಲ್ಲ. ಎಷ್ಟೋ ವಾರ್ಡುಗಳಲ್ಲಿ ಈಗಲೂ ನಡೆಯುವ ಹಳೆಯ ಪದ್ಧತಿ ಇದು. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರಿಸುತ್ತದೆ, ತಿಕ್ಕಿದರೆ ಆಗಲೇ ಸೊರಗಿರುವ ಮಾಂಸ ಹರಿಯುತ್ತದೆ. ಆ ಜಾಗವನ್ನು ತಿಕ್ಕಲೇಬಾರದು. ನಡುವೆ ತೂತಿರುವ ಗಾಳಿ ಉಂಗುರವೂ ಬೇಡ, ಅದು ಸುತ್ತಲಿನ ರಕ್ತವನ್ನು ತಡೆಯುತ್ತದೆ. ಹಿಮ್ಮಡಿಯ ಕೆಳಗೆ ಗ್ಲೌಸಿನಲ್ಲಿ ನೀರು ತುಂಬಿಸಿ ಇಡುವುದೂ ಕೆಲಸಕ್ಕೆ ಬಾರದು. ಮೀನಖಂಡದ ಉದ್ದಕ್ಕೂ ದಿಂಬು ಹಾಕಿ ಹಿಮ್ಮಡಿ ಹಾಸಿಗೆಗೆ ತಾಗದೆ ತೇಲುವ ಹಾಗೆ ಮಾಡಬೇಕು, ಅಷ್ಟೇ.

ವಾರ್ಡಿನ ಹಾಸಿಗೆ ರೆಕ್ಸಿನ್ನಿನದು, ಬೆವರು ಹೀರುವುದಿಲ್ಲ. ಮೇಲೆ ಹತ್ತಿ ಬಟ್ಟೆ, ಅದೂ ಸುಕ್ಕಿಲ್ಲದೆ. ಹಿಟ್ಟಿನ ಪುಡಿ, ಬಿಸ್ಕತ್ತಿನ ಚೂರು ಸಹ ಒತ್ತುತ್ತದೆ. ಒದ್ದೆ ಡೈಪರಿನಲ್ಲಿ ರಾತ್ರಿ ಕಳೆದರೆ ಚರ್ಮ ನೆಂದು ಸುಲಿಯುತ್ತದೆ. ಬೆಡ್‌ಪ್ಯಾನನ್ನು ಎಳೆದು ತೆಗೆಯುವುದು ಇನ್ನೂ ಕೆಟ್ಟದ್ದು, ಎತ್ತಿ ತೆಗೆಯಬೇಕು. ತಲೆಯ ಕಡೆ ಮಂಚ ಹೆಚ್ಚು ಏರಿಸಿದರೆ ಮೈ ಕೆಳಕ್ಕೆ ಜಾರುತ್ತ ಬೆನ್ನಿನ ಬುಡದ ಚರ್ಮ ಒಳಗೊಳಗೇ ಎಳೆದಾಡುತ್ತದೆ. ಊಟದ ಹೊತ್ತು ಬಿಟ್ಟು 30 ಡಿಗ್ರಿಗಿಂತ ಏರಿಸಬೇಡಿ.

ಗಾಳಿ ಹಾಸಿಗೆಯನ್ನು (ಅಲ್ಫಾ ಬೆಡ್ ಎನ್ನುತ್ತಾರೆ) ಸೇರಿಸಿದ ದಿನವೇ ಕೊಂಡು ತನ್ನಿ. ಆಸ್ಪತ್ರೆಯ ಎದುರಿನ ಸರ್ಜಿಕಲ್ ಅಂಗಡಿಗಳಲ್ಲಿ ಎರಡು-ಮೂರು ಸಾವಿರಕ್ಕೆ ಸಿಗುತ್ತದೆ. ಅದರ ಗುಳ್ಳೆಗಳಲ್ಲಿ ಸರದಿಯ ಮೇಲೆ ಗಾಳಿ ತುಂಬಿ ಇಳಿಯುತ್ತದೆ. ಹಾಸಿಗೆಯ ಮೇಲೆ ಹಾಸಿ, ಅದರ ಮೇಲೆ ಒಂದೇ ತೆಳು ಬೆಡ್‌ಶೀಟ್ ಸಡಿಲವಾಗಿ ಹಾಕಬೇಕು. ಮೂರು ಕಂಬಳಿ ಹಾಸಿ ಮಲಗಿಸಿದರೆ ದುಡ್ಡು ದಂಡ. ಪಂಪಿನ ಒತ್ತಡದ ಗುಂಡಿಯನ್ನು ರೋಗಿಯ ತೂಕಕ್ಕೆ ತಕ್ಕಂತೆ ತಿರುಗಿಸಿ, ಬೆನ್ನಿನ ಕೆಳಗೆ ಅಂಗೈ ತೂರಿಸಿ ನೋಡಿ. ಮೂಳೆ ಅಡಿಯ ಹಾಸಿಗೆಗೆ ತಾಗುವಂತಿದ್ದರೆ ಗಾಳಿ ಸಾಲದು. ಎರಡು ಮಂಚಕ್ಕೆ ಒಂದು ಪ್ಲಗ್ ಪಾಯಿಂಟ್, ಅದಕ್ಕೆ ಮೊಬೈಲ್ ಚಾರ್ಜರುಗಳ ಪೈಪೋಟಿ. ಯಾರೋ ಪಂಪಿನ ಪ್ಲಗ್ ಕಿತ್ತು ಚಾರ್ಜಿಗೆ ಹಾಕಿಕೊಂಡರೆ ಬೆಳಗಿನವರೆಗೆ ಗೊತ್ತಾಗುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಮನೆಯಿಂದಲೇ ತನ್ನಿ. ಈ ಹಾಸಿಗೆ ಇದೆಯೆಂದು ಹೊರಳಿಸುವುದನ್ನು ಬಿಡುವ ಹಾಗಿಲ್ಲ.

ರಾತ್ರಿ ನೋವಿಗೆ ಇಂಜೆಕ್ಷನ್ ಯಾಕೆ ಕೊಡಲಿಲ್ಲ ಎಂದು ಕೇಳಿದಾಗ ತಿಳಿದದ್ದು: ಚಾರ್ಟಿನಲ್ಲಿ ‘ಬೇಕಾದರೆ ಕೊಡಿ’ ಎಂದು ಬರೆದಿತ್ತು. ಬೇಕೆಂದು ರೋಗಿ ಹೇಳಬೇಕು. ನಮ್ಮ ಹಳೆಯ ಕಾಲದ ಹೆಂಗಸರು ಹಲ್ಲು ಕಚ್ಚಿ ಸುಮ್ಮನಿರುತ್ತಾರೆ, ‘ಅಜ್ಜಿ ಆರಾಮಾಗಿದಾರೆ’ ಎಂದು ಬರೆದಾಗುತ್ತದೆ. ಆಪರೇಷನ್ ಆದ ಮೊದಲ ಎರಡು ಮೂರು ದಿನ ಪ್ಯಾರಾಸಿಟಮಾಲನ್ನು ಹೊತ್ತು ಹೊತ್ತಿಗೆ ಕೊಡುವ ಹಾಗೆ ಬರೆಸಿಕೊಳ್ಳಿ. ನೋವು ತಡೆದುಕೊಂಡವರು ಕೆಮ್ಮುವುದಿಲ್ಲ, ಆಳವಾಗಿ ಉಸಿರೆಳೆಯುವುದಿಲ್ಲ, ಕೂರುವುದಿಲ್ಲ. ಅಲ್ಲಿಂದ ನ್ಯುಮೋನಿಯಾಕ್ಕೆ ದೂರವೇನಿಲ್ಲ. ಟ್ರಮಡಾಲ್ ಎಂಬ ನೋವಿನ ಔಷಧಿ ಕೊಟ್ಟರೆ ಮುದುಕರಿಗೆ ವಾಂತಿ, ಮಲಬದ್ಧತೆ, ಮನಸ್ಸಿನ ಗಲಿಬಿಲಿ ಬರಬಹುದು.

ಆ ಗಲಿಬಿಲಿಯನ್ನು ವಾರ್ಡಿನವರು ‘ಅಜ್ಜಿಗೆ ಅರಳುಮರಳು’ ಎಂದು ಬಿಟ್ಟುಬಿಡುತ್ತಾರೆ. ಹಗಲೆಲ್ಲ ಸರಿಯಾಗಿದ್ದವರು ಸಂಜೆಯಾಗುತ್ತಿದ್ದಂತೆ ‘ಕರು ಕಟ್ಟಿದ್ರಾ?’ ಎಂದು ಕೇಳುತ್ತ ಕ್ಯಾನ್ಯುಲಾ ಕೀಳಲು ಹೊರಟರೆ ಅದು ಡೆಲಿರಿಯಂ, ಕಾಯಿಲೆಯಿಂದ ಹಠಾತ್ತನೆ ಬರುವ ಗಲಿಬಿಲಿ. ಅದಕ್ಕೆ ಕಾರಣ ಹುಡುಕಬೇಕು: ನೋವು, ಸೋಂಕು, ಕಟ್ಟಿಕೊಂಡ ಮೂತ್ರ, ಹೋಗದ ಮಲ, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿದಿರುವುದು (135ರಿಂದ 145 ಇರಬೇಕು), ಹೊಸ ಔಷಧಿ. ನಾವಿದ್ದಲ್ಲಿ ಗಾಜ್ ಬಟ್ಟೆಯಿಂದ ಕೈಗಳನ್ನು ಮಂಚದ ಸರಳಿಗೆ ಕಟ್ಟಿಹಾಕಿದರು. ಕಟ್ಟಿದರೆ ರೊಚ್ಚು ಹೆಚ್ಚುತ್ತದೆ, ಮಣಿಕಟ್ಟಿನ ಚರ್ಮ ಕಿತ್ತುಬರುತ್ತದೆ. ಮರುದಿನ ಸೋಡಿಯಂ ನೋಡಿ ಎಂದು ನಾವು ಹಟ ಹಿಡಿದ ಮೇಲೆ ರಕ್ತ ಕಳಿಸಿದರು, 122 ಬಂತು. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟನ್ನು ಮನೆಯಿಂದ ತಂದುಕೊಡಿ. ಹಗಲು ಕಿಟಕಿಯ ಕಡೆ ಮುಖ ಮಾಡಿಸಿ, ಪರಿಚಯದವರೊಬ್ಬರು ರಾತ್ರಿ ಜೊತೆಗಿರಲಿ. ಇದು ಔಷಧಿಗಿಂತ ಕಡಿಮೆಯದಲ್ಲ.

ಮೂತ್ರದ ಚೀಲದ ಬಗ್ಗೆ ಚುಟುಕಾಗಿ: ಅದು ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಟ್ರಾಲಿಯಲ್ಲಿ ಎಕ್ಸ್‌ರೇಗೆ ಒಯ್ಯುವಾಗ ಚೀಲವನ್ನು ರೋಗಿಯ ಹೊಟ್ಟೆಯ ಮೇಲೆ ಎಸೆಯುತ್ತಾರೆ, ಚೀಲದಲ್ಲಿದ್ದ ಮೂತ್ರ ವಾಪಸ್ ಒಳಗೆ ಹೋಗಿ ಸೋಂಕಾಗುತ್ತದೆ. ಮುಕ್ಕಾಲು ತುಂಬುವ ಮೊದಲು ಖಾಲಿ ಮಾಡಿ, ಅಳತೆಯನ್ನು ಹೊತ್ತಿನ ಸಮೇತ ಬರೆದಿಡಿ. ಸಿಸ್ಟರ್ ‘ಎಷ್ಟು ಹೋಯ್ತು?’ ಎಂದು ಕೇಳಿದಾಗ ಅಂದಾಜು ಹೇಳಿದರೆ ಆ ಅಂದಾಜೇ ದಾಖಲೆ. 50 ಕೆಜಿ ತೂಕದವರಿಗೆ ಗಂಟೆಗೆ ಕನಿಷ್ಠ 25 ಎಂಎಲ್, ದಿನಕ್ಕೆ 600 ಎಂಎಲ್ ಆದರೂ ಬರಬೇಕು. ಆಪರೇಷನ್ ಆದ ಮೇಲೆ ‘ಇದನ್ನು ಯಾವಾಗ ತೆಗೀತೀರಿ?’ ಎಂದು ದಿನಾ ಕೇಳಿ. ಮರೆತು ಉಳಿದ ಪೈಪು ದಿನಕ್ಕೆ ದಿನ ಅಪಾಯ ಹೆಚ್ಚಿಸುತ್ತದೆ.

ದುಡ್ಡಿನ ವಿಷಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ಗೆ ಪ್ಯಾಕೇಜಿನ ನೂರಕ್ಕೆ 30 ಭಾಗ ಸರ್ಕಾರದ್ದು, ಮಿತಿ ಒಂದೂವರೆ ಲಕ್ಷ. ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ನಾಲ್ಕಾರು ಇಟ್ಟುಕೊಂಡು ಆರೋಗ್ಯ ಮಿತ್ರರನ್ನು (ಯೋಜನೆಯ ಕೆಲಸ ನೋಡಿಕೊಳ್ಳಲು ಆಸ್ಪತ್ರೆಯಲ್ಲಿರುವವರು) ಮೊದಲ ದಿನವೇ ಕಾಣಿ. ‘ಹೊರಗಿನಿಂದ ತನ್ನಿ’ ಎಂದು ಚೀಟಿ ಕೊಟ್ಟರೆ ಡಾಕ್ಟರ ಸಹಿ ಇರುವ ಚೀಟಿಯನ್ನೇ ಕೇಳಿ, ಬಿಲ್ಲು ಜೋಪಾನ ಮಾಡಿ. ಪ್ಯಾಕೇಜಿನಲ್ಲಿ ಸೇರಿದ್ದನ್ನು ಕೊಳ್ಳಿಸಿದ್ದರೆ ದೂರಿಗೆ ಅದೇ ಆಧಾರ. ಸಹಾಯವಾಣಿ 104 ಮತ್ತು 14555ಕ್ಕೆ ಕರೆ ಮಾಡಬಹುದು. ಟ್ರಾಲಿ ತಳ್ಳಲು, ಡ್ರೆಸ್ಸಿಂಗಿಗೆ, ಓಟಿಯಿಂದ ಹೊರಗೆ ತರಲು ‘ಕಾಫಿಗೆ’ ಎಂದು ಕೇಳುವುದಕ್ಕೆ ದರಪಟ್ಟಿ ಇಲ್ಲ, ಮುಖ ನೋಡಿ ದರ. ಕೊಟ್ಟವರ ರೋಗಿಯ ಟ್ರಾಲಿ ಮೊದಲು ಹೊರಡುವುದನ್ನು ನೋಡಿಕೊಂಡು ಕೊಡದೆ ನಿಲ್ಲುವುದು ಸುಲಭವಲ್ಲ, ಅದನ್ನು ಉಪದೇಶ ಮಾಡುವ ಇರಾದೆಯೂ ನನಗಿಲ್ಲ. ದೂರು ಕೊಡುವ ಧೈರ್ಯವಿದ್ದರೆ ಲೋಕಾಯುಕ್ತ ಇದೆ. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಲಂಚದ ಪ್ರಕರಣಗಳು ಅಲ್ಲಿಗೇ ಹೋಗುತ್ತವೆ.

ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ ಬಸ್ಸಿನ ಆತುರದಲ್ಲಿ ಮಡಚಿ ಇಟ್ಟುಕೊಳ್ಳಬೇಡಿ, ಅಲ್ಲೇ ನಿಂತು ಓದಿ. ಎಡ-ಬಲ ಸರಿಯಿದೆಯೇ? ಯಾವ ರಾಡ್, ಅದರ ಸ್ಟಿಕ್ಕರ್ ಅಂಟಿಸಿದ್ದಾರೆಯೇ? ಹೊಲಿಗೆ ತೆಗೆಯುವ ದಿನ (ಸಾಮಾನ್ಯವಾಗಿ 12ರಿಂದ 14ನೆಯ ದಿನ), ಕಾಲಿನ ಮೇಲೆ ಭಾರ ಹಾಕುವುದು ಯಾವಾಗ, ವಾಕರ್ ಎಷ್ಟು ಕಾಲ? ರಕ್ತ ಹೆಪ್ಪುಗಟ್ಟದ ಔಷಧಿಯನ್ನು ಆಪರೇಷನ್ ಆದ ನಾಲ್ಕೈದು ವಾರದವರೆಗೆ ಮುಂದುವರಿಸುವುದುಂಟು. ನಮ್ಮದರಲ್ಲಿ ಆಸ್ಪತ್ರೆಯಲ್ಲಿ ಕೊಟ್ಟದ್ದು ಬರೆದಿತ್ತು, ಮನೆಯಲ್ಲಿ ಮುಂದುವರಿಸಬೇಕೇ ಬೇಡವೇ ಎನ್ನುವುದು ಇರಲಿಲ್ಲ. ನಿಲ್ಲಿಸಿದ್ದ ಬಿಪಿ, ಸಕ್ಕರೆ ಮಾತ್ರೆಗಳಲ್ಲಿ ಯಾವುದನ್ನು ಮತ್ತೆ ಶುರು ಮಾಡಬೇಕು, ಸೋಡಿಯಂ ಇಳಿಸುವ ಬಿಪಿ ಮಾತ್ರೆಯನ್ನು ಬದಲಿಸಬೇಕೇ? ಜಾರಿ ಬಿದ್ದಷ್ಟಕ್ಕೇ ಮುರಿದ ಮೂಳೆ ಸವೆದ ಮೂಳೆ, ಅದಕ್ಕೆ ಚಿಕಿತ್ಸೆ ಏನು? ಇದನ್ನು ಕೇಳದಿದ್ದರೆ ಇನ್ನೊಂದು ಕಾಲಿನ ಸರದಿ. ನಮ್ಮ ಸಮ್ಮರಿಯಲ್ಲಿ ಹುಣ್ಣಿನ ಹೆಸರೇ ಇರಲಿಲ್ಲ. ‘ಅದು ಚಿಕ್ಕದು ಬಿಡಿ’ ಎಂದರು. ಬರೆಯದೆ ಮನೆಗೆ ಹೋಗುವುದಿಲ್ಲ ಎಂದು ಕೂತ ಮೇಲೆ ಅಳತೆ ಸಮೇತ ಕೈಬರಹದಲ್ಲಿ ಸೇರಿಸಿ ಸಹಿ ಹಾಕಿದರು. ಆ ಒಂದು ಸಾಲು ಇದ್ದದ್ದರಿಂದಲೇ ತಾಲೂಕು ಆಸ್ಪತ್ರೆಯಲ್ಲಿ ಮರುಮಾತಿಲ್ಲದೆ ಡ್ರೆಸ್ಸಿಂಗ್ ಮಾಡಿದರು.

ಕೇಸ್ ಶೀಟಿನ ಪ್ರತಿ ಕೇಳುವುದು ರೋಗಿಯ ಹಕ್ಕು. 2002ರ ವೈದ್ಯಕೀಯ ವೃತ್ತಿ ನಿಯಮಾವಳಿಯ ಪ್ರಕಾರ ರೋಗಿಯೋ ಅವರು ಅಧಿಕಾರ ಕೊಟ್ಟವರೋ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಟ್ಟಿರಬೇಕು. ಬಾಯಲ್ಲಿ ಕೇಳಿದರೆ ‘ರೆಕಾರ್ಡ್ ಸೆಕ್ಷನ್‌ಗೆ ಹೋಗಿ’, ಅಲ್ಲಿ ‘ಸೂಪರಿಂಟೆಂಡೆಂಟ್ ಸಹಿ ತನ್ನಿ’. ಎರಡು ಪ್ರತಿಯಲ್ಲಿ ಅರ್ಜಿ ಬರೆದು, ಒಂದರ ಮೇಲೆ ಟಪಾಲು ವಿಭಾಗದ ಸೀಲು ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದ್ದರಿಂದ ಮಾಹಿತಿ ಹಕ್ಕಿನ ದಾರಿಯೂ ಇದೆ, ಅದಕ್ಕೆ 30 ದಿನದ ಗಡುವು. ನಮಗೆ ಸಿಕ್ಕ ಪ್ರತಿಯಲ್ಲಿ ನರ್ಸಿಂಗ್ ಹಾಳೆಯ ಪ್ರತಿ ರಾತ್ರಿಯ ಕಾಲಮ್ಮಿನಲ್ಲೂ ‘ಎರಡು ಗಂಟೆಗೊಮ್ಮೆ ಹೊರಳಿಸಲಾಗಿದೆ, ಚರ್ಮ ಚೆನ್ನಾಗಿದೆ’ ಎಂದು ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಇತ್ತು. ಕೈ ಕಟ್ಟಿಹಾಕಿದ್ದ ರಾತ್ರಿಯೂ ಹಾಗೇ. ಅತ್ತೆಯವರನ್ನು ಓಟಿಯ ಹೊರಗಿನ ಕೋಣೆಯಲ್ಲಿ ಇಟ್ಟುಕೊಂಡಿದ್ದ ರಾತ್ರಿಯೂ ಹಾಗೇ, ಆಗ ಅವರು ಆ ವಾರ್ಡಿನಲ್ಲಿ ಇರಲೇ ಇಲ್ಲ.

ಖಾಸಗಿ ಆಸ್ಪತ್ರೆಯಾಗಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ಪ್ರಾಧಿಕಾರಕ್ಕೆ ದೂರು ಕೊಡಬಹುದಿತ್ತು. ಸರ್ಕಾರಿ ಆಸ್ಪತ್ರೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾನೂನಿನ ಆಚೆಗಿದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೆಲವರಿಂದ ಶುಲ್ಕ ಪಡೆಯುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ಅದರೊಳಗೆ ಬರುತ್ತಾರೆ, ಹಾಗಾಗಿ ಓಪಿಡಿ ಚೀಟಿಯಿಂದ ಹಿಡಿದು ಸ್ಕ್ಯಾನಿಂಗ್ ಶುಲ್ಕದವರೆಗಿನ ರಸೀದಿಗಳನ್ನು ಬಿಸಾಡಬೇಡಿ. ನಾವು ಸೂಪರಿಂಟೆಂಡೆಂಟರಿಗೆ ಕೊಟ್ಟ ದೂರಿಗೆ ತಾರೀಖು ಕಾಣುವ ಫೋಟೋಗಳು, ನಾವು ಬರೆದಿಟ್ಟ ಹಾಳೆ, ಅವರ ನರ್ಸಿಂಗ್ ಹಾಳೆಯ ಜೆರಾಕ್ಸ್ ಮೂರನ್ನೂ ಒಂದರ ಕೆಳಗೆ ಒಂದು ಲಗತ್ತಿಸಿದೆವು. ಒಬ್ಬ ಸಿಸ್ಟರ ಹೆಸರನ್ನೂ ಬರೆಯಲಿಲ್ಲ. ನಲವತ್ತಕ್ಕೆ ಹತ್ತಿರ ರೋಗಿಗಳಿಗೆ ಒಬ್ಬರನ್ನು ನಿಲ್ಲಿಸಿದವರು ಯಾರು ಎನ್ನುವುದು ನಮ್ಮ ಪ್ರಶ್ನೆಯಾಗಿತ್ತು. ‘ಸಂಬಂಧಪಟ್ಟ ಸಿಬ್ಬಂದಿಗೆ ಎಚ್ಚರಿಕೆ ನೀಡಲಾಗಿದೆ’ ಎಂದು ಉತ್ತರ ಬಂತು. ಅದರ ಮೇಲೆ ಮೇಲ್ಮನವಿ ಹಾಕಿದ್ದೇವೆ. ಅದರಲ್ಲಿ ಕೇಳಿರುವುದು ಆ ತಿಂಗಳ ರಾತ್ರಿ ಪಾಳಿಯ ಡ್ಯೂಟಿ ಪಟ್ಟಿ ಮತ್ತು ಮಂಜೂರಾದ ನರ್ಸ್ ಹುದ್ದೆಗಳಲ್ಲಿ ಖಾಲಿ ಎಷ್ಟು ಎಂಬ ಲೆಕ್ಕ.